ಊಟಿ ಡಬ್ಬಿಯಲ್ಲಿ ಸಿಕ್ಕ ಪಟ್ಣ

ಮೈಸೂರಿನ ದೇವರಾಜ ಮಾರುಕಟ್ಟೆಗೆ ಹತ್ತಿರದ ಗಲ್ಲಿಯೊಂದರಲ್ಲಿ, ಪಾತ್ರೆ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಒಂದು ಕೋಣೆ ಸಿಗುತ್ತದೆ. ಹಳೆ ಕಾರ್ಡು, ಹಳೆ ನಾಣ್ಯ, ಬೆಂಕಿಪೊಟ್ಟಣದ ಚೀಟಿ, ಯಾರದೋ ಮದುವೆಯ ಗುಂಪು ಫೋಟೊ, ಎಲ್ಲ ಅಲ್ಲಿ ಮಾರಾಟಕ್ಕಿವೆ. ಹೊರಗೆ ಬೋರ್ಡಿಲ್ಲ. ಬರೆಯುತ್ತೇನೆ ಅಂದಾಗ ಯಜಮಾನರು ಅಂಗಡಿಯ ಹೆಸರು ಹಾಕಬೇಡಿ ಅಂದರು. ಯಾಕೆ ಅಂದೆ. ಇರೋದೇ ಎರಡು ಸ್ಟೂಲು, ಮೂರನೆಯವರು ಬಂದರೆ ಎಲ್ಲಿ ಕೂರಿಸಲಿ ಅಂದರು. ಹಾಗಾಗಿ ಹೆಸರಿಲ್ಲದ ಅಂಗಡಿಯ ಬಗ್ಗೆ ಇದು. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ, ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ ಅಲ್ಲಿ ಇಟ್ಟು ಬಂದಿದ್ದೇನೆ. ಹೊಗಳೋದಕ್ಕೂ ಬೈಯೋದಕ್ಕೂ ಅಷ್ಟು ಸಾಕು.

ನಾನು ಹುಟ್ಟಿದ್ದು ಗಂಜಾಂನಲ್ಲಿ. ಹೊರಗಿನವರು ಶ್ರೀರಂಗಪಟ್ಟಣ ಅನ್ನುವ ಊರನ್ನು ನಾವು ಬರೀ ಪಟ್ಣ ಅನ್ನೋದು, ಕಾವೇರಿಯನ್ನು ಹೊಳೆ ಅನ್ನೋದು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಮುದ್ರೆ ಒತ್ತಿದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ. ಕಾರ್ಡು ಕೈಗೆ ಕೊಟ್ಟರೆ ನನ್ನ ಕೈ ತಾನಾಗಿ ಅದನ್ನು ಮಗುಚುತ್ತದೆ: ಮುದ್ರೆ ಯಾವ ಊರದ್ದು, ತಾರೀಕು ಓದಕ್ಕೆ ಬರುತ್ತಾ, ಸ್ಟಾಂಪು ಕಿತ್ತಿದ್ದಾರಾ. ಮೊದಲ ದಿನವೇ ಯಜಮಾನರು ನಕ್ಕರು. ಎಲ್ಲರೂ ಚಿತ್ರ ನೋಡಿ ಬೆಲೆ ಕೇಳ್ತಾರೆ, ನೀವು ಬೆನ್ನು ನೋಡ್ತೀರಲ್ಲ ತಾಯಿ ಅಂದರು. ಆವತ್ತಿಂದ ನನಗೆ ಅಲ್ಲಿ ಅರ್ಧ ಲೋಟ ಕಾಫಿ ಖಾಯಂ.

ಹೋಗುವವರಿಗೆ ಬೇಕಾದ ವಿವರ ಮೊದಲು ಹೇಳಿಬಿಡುತ್ತೇನೆ. ತೆರೆಯೋದು ಹನ್ನೊಂದಕ್ಕೆ. ಒಂದೂವರೆಗೆ ಊಟಕ್ಕೆ ಮುಚ್ಚಿದರೆ ಮತ್ತೆ ನಾಲ್ಕಕ್ಕೆ, ಅದೂ ನಾಲ್ಕೂಕಾಲು. ಫೋನಿನಲ್ಲಿ ದುಡ್ಡು ಕಳಿಸಬಹುದು ಅಂತ ಗೋಡೆಗೆ ಚೌಕ ಅಂಟಿಸಿದ್ದಾರೆ, ಆದರೆ ಆ ಕೋಣೆಯೊಳಗೆ ಸಿಗ್ನಲ್ಲೇ ಬರಲ್ಲ, ಮೆಟ್ಟಿಲ ತನಕ ಬಂದು ಕೈ ಚಾಚಬೇಕು. ನಗದು ಇಟ್ಟುಕೊಂಡು ಹೋಗಿ. ಶನಿವಾರ ಸಂಜೆ ಬೆಂಗಳೂರಿನ ಸಂಗ್ರಾಹಕರು ಬಂದು ಸ್ಟೂಲು ಹಿಡಿದುಬಿಡುತ್ತಾರೆ, ಬುಧವಾರ ಬೆಳಗ್ಗೆ ಒಳ್ಳೆಯದು. ಚೌಕಾಸಿ ನಡೆಯುತ್ತದೆ, ಒಂದೇ ಕಾರ್ಡಿಗಲ್ಲ, ನಾಲ್ಕೈದು ಒಟ್ಟಿಗೆ ಎತ್ತಿದರೆ. ನಾನಂತೂ ಪಟ್ಣದಿಂದ ಸೊನ್ನೆ ಟಿಕೆಟಿನಲ್ಲಿ ಬರುವವಳು, ಬಸ್ಸಿನ ದುಡ್ಡು ಉಳಿಸಿ ಕಾರ್ಡಿಗೆ ಹಾಕುತ್ತೇನೆ ಅಂತ ಸೊಸೆಯ ಹತ್ತಿರ ಹೇಳಿಕೊಳ್ಳುವುದು.

ಕಾರ್ಡುಗಳು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಊರಿನ ಪ್ರಕಾರ ನಿಂತಿವೆ. ಮೈಸೂರಿಗೆ ನಾಲ್ಕು ಡಬ್ಬಿ, ಬೆಂಗಳೂರಿಗೆ ಮೂರು, ಮದ್ರಾಸು, ಊಟಿ, ಮಂಗಳೂರು ಒಂದೊಂದು. ಶ್ರೀರಂಗಪಟ್ಟಣದ್ದು ಅರ್ಧ ಡಬ್ಬಿ, ಹಳೆ ಇಂಗ್ಲಿಷ್ ಕಾಗುಣಿತದಲ್ಲಿ ‘ಸೆರಿಂಗಪಟಮ್’ ಅಂತ ಚೀಟಿ. ಬೆಲೆ 150ರಿಂದ ಶುರು, ಚೆನ್ನಾಗಿರುವ ಒಂದಕ್ಕೆ 1,200 ಕೇಳಿದ್ದರು. ನಾನು ಒಂದೊಂದಾಗಿ ಅಲ್ಲಿಂದ ಹನ್ನೊಂದು ಕಾರ್ಡು ತಂದಿದ್ದೇನೆ.

ಮೊದಲು ತಂದದ್ದು ಸೇತುವೆ. ವೆಲ್ಲೆಸ್ಲಿ ಸೇತುವೆ ಅಂದಾಕ್ಷಣ ನಮ್ಮೂರ ಗೈಡುಗಳು ಕೂಡ ಮುಂದೆ ವೆಲ್ಲಿಂಗ್ಟನ್ ಆದ ಆ ಕರ್ನಲ್ಲನ ಕಡೆ ಕೈ ತೋರಿಸುತ್ತಾರೆ. ಹೆಸರು ಅವನದಲ್ಲ, ಅವನ ಅಣ್ಣ ಗವರ್ನರ್ ಜನರಲ್‌ನದು. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, 1802ರಿಂದ 1804ರ ಒಳಗೆ. ಕಮಾನಿನ ತಂಟೆಯೇ ಇಲ್ಲ: ಸಾಲಾಗಿ ಕಲ್ಲಿನ ಕಂಬ, ಕಂಬದ ತಲೆಗೆ ಕಲ್ಲಿನ ಚಾಚು, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನು ಎಳೆದು ಹೊಳೆಗೆ ಅಡ್ಡ ಮಲಗಿಸಿದ ಹಾಗೆ. ನಮ್ಮ ಕಡೆಯ ಕಲ್ಲುಕುಟಿಗರಿಗೆ ಗೊತ್ತಿದ್ದ ಕೆಲಸವೇ ಅದು. ಕಾರ್ಡಿನ ಫೋಟೊ ತೆಗೆದವನು ನೀರಿನ ಮಟ್ಟದಲ್ಲಿ ಬಂಡೆಯ ಮೇಲೆ ಕ್ಯಾಮೆರಾ ಇಟ್ಟಿದ್ದಾನೆ, ಹಾಗಾಗಿ ಕಂಬಗಳ ಸಾಲು ಒಂದರ ಹಿಂದೊಂದು ಓಡುತ್ತಾ ಸಣ್ಣದಾಗುತ್ತದೆ. ಮೇಲೆ ಒಂದು ಎತ್ತಿನ ಗಾಡಿ. ಕೆಳಗೆ ಒಣ ಮರಳಲ್ಲಿ ಬಟ್ಟೆ ಹರಡಿದೆ. ಹಿಂದೆ ಏಳನೆಯ ಎಡ್ವರ್ಡನ ತಲೆ ಇರುವ ಸ್ಟಾಂಪು, ಅಂದರೆ 1901ಕ್ಕಿಂತ ಹಿಂದಿನದಲ್ಲ. ಯಾರೋ ಬೇರೆ ದೇಶದ ಹೆಂಗಸು ತನ್ನ ತಂಗಿಗೆ ಬರೆದದ್ದು. ಸೇತುವೆಯ ಬಗ್ಗೆ ಒಂದಕ್ಷರ ಇಲ್ಲ, ಪೂರ್ತಿ ಸೊಳ್ಳೆಯ ವಿಚಾರ.

ಸೊಳ್ಳೆ ಅಂದರೆ ನಮ್ಮೂರಿನ ಚರಿತ್ರೆಯಲ್ಲಿ ಸಣ್ಣ ಮಾತಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ದಂಡು ಪಟ್ಣದಲ್ಲೇ ಬೀಡು ಬಿಟ್ಟಿತ್ತು. ಜ್ವರಕ್ಕೆ ಸಾಯುವವರ ಲೆಕ್ಕ ಏರುತ್ತಾ ಹೋಯಿತು, ದಂಡು ಬೆಂಗಳೂರಿಗೆ ಹೊರಟಿತು, 1809ರಲ್ಲಿ ಅಲ್ಲಿ ಕಂಟೋನ್ಮೆಂಟ್ ಎದ್ದಿತು. ಬೆಂಗಳೂರಿಗೆ ದಂಡು ಬಂದದ್ದರಲ್ಲಿ ಗಂಜಾಂ ಸೊಳ್ಳೆಯ ಪಾಲೂ ಇದೆ ಅಂತ ಬೆಂಗಳೂರಿನ ನೆಂಟರಿಗೆ ನಾನು ಆಗಾಗ ಜ್ಞಾಪಿಸುತ್ತಿರುತ್ತೇನೆ.

ಎರಡನೆಯದು ಬಣ್ಣದ ಕಾರ್ಡು, ಸ್ನಾನಘಟ್ಟ. ಇದರಲ್ಲಿ ಹೊಳೆ ನೀಲಿ. ಸಮುದ್ರದ ನೀಲಿ! ಆ ಕಾಲದ ಬಣ್ಣದ ಕಾರ್ಡು ಎಷ್ಟೋ ಸಲ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಸ್ಯಾಕ್ಸನಿ ಅಂತ ಹಿಂದೆಯೇ ಇರುತ್ತದೆ. ಇಲ್ಲಿಂದ ಹೋದದ್ದು ಕಪ್ಪು ಬಿಳುಪು ಫೋಟೊ, ಅಲ್ಲಿ ಬಣ್ಣ ತುಂಬಿದವರು ಹೊಳೆಯನ್ನೂ ನೋಡಿಲ್ಲ, ಸೀರೆಯನ್ನೂ ನೋಡಿಲ್ಲ. ನೀರು ಅಂದರೆ ನೀಲಿ, ಮುಗಿಯಿತು. ಆಷಾಢದಲ್ಲಿ ಕೊಡಗಿನ ಮಣ್ಣು ಹೊತ್ತು ಬರುವ ಕೆಂಪು ಹೊಸನೀರು ನೋಡಿದವರು ಯಾರೂ ಆ ಬಣ್ಣ ಹಾಕುವುದಿಲ್ಲ. ನಾಲ್ಕು ಹೆಂಗಸರಿಗೂ ಒಂದೇ ಗುಲಾಬಿ ಸೀರೆ, ಒಬ್ಬಳಿಗೆ ತೋಳೂ ಗುಲಾಬಿ.

ಬಣ್ಣ ಸುಳ್ಳು, ನೀರಿನ ಮಟ್ಟ ಮಾತ್ರ ನಿಜ. ಈ ಕಾರ್ಡುಗಳಲ್ಲಿ ಬಹಳಷ್ಟು ಕನ್ನಂಬಾಡಿ ಕಟ್ಟೆಗೆ ಮುಂಚಿನವು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕೆ ಮೊದಲು ಹೊಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೇಸಿಗೆಯಲ್ಲಿ ಬಂಡೆಯ ನಡುವೆ ಸೊರಗಿ ಹರಿಯುತ್ತಿತ್ತು, ಮಳೆಗಾಲದಲ್ಲಿ ಊರ ಬಾಗಿಲಿಗೆ ಬರುತ್ತಿತ್ತು. 1924ರ ಜುಲೈನಲ್ಲಿ ಬಂದ ಹಾಗೆ ಯಾವತ್ತೂ ಬಂದಿರಲಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅವರ ಪ್ರಕಾರ ವರ್ಷಗಳು ಎರಡೇ ತರ: ದೊಡ್ಡ ನೀರಿಗೆ ಮುಂಚೆ, ದೊಡ್ಡ ನೀರಾದ ಮೇಲೆ. ಈಗ ನಮಗೆ ಹೊಳೆ ಬರೋದು ಮೊದಲೇ ಟಿವಿಯಲ್ಲಿ ಗೊತ್ತಾಗುತ್ತದೆ, ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ. ಕಾರ್ಡಿನಲ್ಲಿ ಕಾಣುವ ಮೆಟ್ಟಿಲುಗಳ ಲೆಕ್ಕ ಹಿಡಿದು ಘಟ್ಟದಲ್ಲಿ ನಿಂತು ಎಣಿಸಿ ನೋಡಿದೆ. ಚಿತ್ರದಲ್ಲಿ ಒಣಗಿರುವ ಕೆಳಗಿನ ಐದು ಮೆಟ್ಟಿಲು ಆವತ್ತು ನೀರಿನೊಳಗಿದ್ದವು, ಪಾಚಿ ಹಿಡಿದು. ಮತ್ತೆ ಏಪ್ರಿಲ್‌ನಲ್ಲಿ ಹೋಗಿ ನೋಡಬೇಕು.

ಇಲ್ಲಿ ಅಂಗಡಿಯ ಮೇಲೆ ನನ್ನ ದೊಡ್ಡ ಸಿಟ್ಟು. ಕಾರ್ಡಿನ ಜೊತೆಗೆ ಅವರು ಇನ್ನೊಂದು ಕೆಲಸ ಮಾಡಿಕೊಡುತ್ತಾರೆ: ಹಳೆ ಕಾರ್ಡನ್ನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಡೋದು. ಹನ್ನೆರಡಕ್ಕೆ ಹದಿನೆಂಟು ಇಂಚಿಗೆ 850. ಸ್ನಾನಘಟ್ಟದ ಇನ್ನೊಂದು ಕಾರ್ಡು, ಕಪ್ಪು ಬಿಳುಪಿನದು, ಮಗನ ಮನೆಗೆ ಅಂತ ಕೊಟ್ಟೆ. ಒಂದು ವಾರಕ್ಕೆ ಬಂತು. ಕಾಗದ ಗಟ್ಟಿ, ಚೌಕಟ್ಟು ತೇಗ, ಮಡಿಕೆಯ ಗೆರೆ ಮಾಯ, ಕಂದು ಕಲೆಗಳು ಮಾಯ. ಚೆನ್ನಾಗಿದೆ ಅಂತ ಗೋಡೆಗೆ ಆನಿಸಿಟ್ಟು ಪಕ್ಕದಲ್ಲಿ ಮೂಲ ಕಾರ್ಡು ಹಿಡಿದೆ. ಎಡಗಡೆ, ದೂರದ ದಂಡೆಯ ಹತ್ತಿರ, ಮೂಲದಲ್ಲಿ ಒಂದು ಕಪ್ಪು ಬೊಟ್ಟಿದೆ. ಬೇಳೆಕಾಳಿನಷ್ಟೂ ಇಲ್ಲ. ದೊಡ್ಡ ಚಿತ್ರದಲ್ಲಿ ಆ ಜಾಗದಲ್ಲಿ ಬರೀ ನೀರು.

ಮಗನ ಭೂತಗನ್ನಡಿ ತಂದು ನೋಡಿದರೆ ಆ ಬೊಟ್ಟು ಹರಿಗೋಲು! ದುಂಡಗೆ, ಒಂದು ಕಡೆ ವಾಲಿಕೊಂಡು. ಒಳಗೆ ಇಬ್ಬರು. ಒಬ್ಬ ನಿಂತು ಗಣೆ ಊರಿದ್ದಾನೆ, ಇನ್ನೊಬ್ಬರು ಕೂತಿದ್ದಾರೆ, ತಲೆಯ ಮೇಲೆ ಏನೋ ಬೆಳ್ಳಗಿದೆ, ಗಂಟೋ ಸೆರಗೋ. ನಮ್ಮ ತಾತ ಕರೀಘಟ್ಟದ ಜಾತ್ರೆಗೆ ಹೊಳೆ ದಾಟುತ್ತಿದ್ದದ್ದು ಇಂಥದ್ದರಲ್ಲೇ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಕಲೆ ಅಂತ ಒರೆಸಿಬಿಟ್ಟಿದ್ದಾನೆ. ವಾಪಸ್ ಹೋಗಿ ತೋರಿಸಿದೆ. ಹುಡುಗ ಪಾಪ ಒಳ್ಳೆಯವನೇ, ಪರದೆಯಲ್ಲಿ ಹಿಗ್ಗಿಸಿ ನೋಡಿ ನಾಲಿಗೆ ಕಚ್ಚಿಕೊಂಡ. ದುಡ್ಡು ತೆಗೆದುಕೊಳ್ಳದೆ ಮತ್ತೊಂದು ಮಾಡಿಕೊಟ್ಟ, ಕಲೆ ಸಮೇತ. ನೀವು ಮಾಡಿಸುವುದಾದರೆ ‘ಕ್ಲೀನ್ ಮಾಡಬೇಡಿ’ ಅಂತ ಮೊದಲೇ ಚೀಟಿ ಬರೆದು ಕೊಡಿ. ಒರೆಸಿದ ಚಿತ್ರವೂ ಮನೆಯಲ್ಲೇ ಇದೆ, ಬಂದವರಿಗೆ ಎರಡನ್ನೂ ತೋರಿಸಿ ವ್ಯತ್ಯಾಸ ಹುಡುಕಿ ಅನ್ನುತ್ತೇನೆ.

ಕಮಾನಿನ ಕಾರ್ಡು ಈ ಅಂಗಡಿಗಿಂತ ಮೊದಲೇ ಮೋಸ ಹೋಗಿ ತಂದದ್ದು. ಇಂಟರ್ನೆಟ್ಟಿನಲ್ಲಿ ಒಬ್ಬ ಮಾರಾಟಗಾರ, 900 ರೂಪಾಯಿ, ‘ನೂರು ವರ್ಷ ಹಳೆಯದು’. ಡಿ ಹ್ಯಾವಿಲೆಂಡನ ಕಮಾನು ಪಟ್ಣದ ಈಗಿನ ಹುಡುಗರು ನೋಡಿಲ್ಲ, ನಾನೂ ನೋಡಿಲ್ಲ. ಮದ್ರಾಸು ಸೈನ್ಯದ ಎಂಜಿನಿಯರು ಅವನು. ಹೊಳೆಗೆ ದೊಡ್ಡ ದೊಡ್ಡ ಕಮಾನಿನ ಸೇತುವೆ ಕಟ್ಟಬಹುದು ಅಂದಾಗ ಮೇಲಿನವರು ಒಪ್ಪಲಿಲ್ಲವಂತೆ. ಸಾಧಿಸಿ ತೋರಿಸಲು 1808ರಲ್ಲಿ ಇಟ್ಟಿಗೆಯಲ್ಲಿ ಒಂದೇ ನೆಗೆತಕ್ಕೆ ನೂರು ಅಡಿಗೂ ಮೀರಿದ ಕಮಾನು ಕಟ್ಟಿ ನಿಲ್ಲಿಸಿದ. ಕೆಳಗೆ ಹೊಳೆಯಿಲ್ಲ, ಮೇಲೆ ರಸ್ತೆಯಿಲ್ಲ, ಸುಮ್ಮನೆ ಒಂದು ಕಮಾನು, ಹಟಕ್ಕೆ. ಸೇತುವೆ ಯಾರೂ ಕಟ್ಟಿಸಲಿಲ್ಲ. ಕಮಾನು ಮಾತ್ರ ನೂರಿಪ್ಪತ್ತು ವರ್ಷಕ್ಕೂ ಮೇಲೆ ನಿಂತು 1930ರ ದಶಕದಲ್ಲಿ ಬಿತ್ತು. ಹುಡುಗರು ಮೇಲೆ ಹತ್ತಿ ಕುಣಿದರೆ ಗಡಗಡ ನಡುಗುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದದ್ದನ್ನು ನಾನು ಕಟ್ಟುಕತೆ ಅಂದುಕೊಂಡಿದ್ದೆ. ಅಷ್ಟು ತೆಳ್ಳಗಿದೆ ಚಿತ್ರದಲ್ಲಿ, ಈಗ ನಂಬುತ್ತೇನೆ.

ಆ ಇಂಟರ್ನೆಟ್ ಕಾರ್ಡನ್ನು ಯಜಮಾನರಿಗೆ ತೋರಿಸಿದ ದಿನ ಅವರು ನನಗೆ ಪಾಠ ಮಾಡಿದರು, ಅದಕ್ಕೆ ಫೀಸು ತೆಗೆದುಕೊಳ್ಳಲಿಲ್ಲ. ಭೂತಗನ್ನಡಿ ಇಟ್ಟು ನೋಡಿದರೆ ಹಳೆಯ ಒಳ್ಳೆ ಕಾರ್ಡಿನಲ್ಲಿ, ಕಾಲೊಟೈಪ್ ಅನ್ನುವುದರಲ್ಲಿ, ಚುಕ್ಕೆಗಳ ಸಾಲು ಇರುವುದಿಲ್ಲ, ಮುದುಕರ ಕೈ ಚರ್ಮದ ಹಾಗೆ ಸಣ್ಣ ಸುಕ್ಕು ಇರುತ್ತದೆ. ಸ್ವಲ್ಪ ಅಗ್ಗದವುಗಳಲ್ಲಿ ಚುಕ್ಕೆ ಇದ್ದರೂ ರಾಗಿ ಪೈರು ನೆಟ್ಟ ಹಾಗೆ ಸಾಲಾಗಿ ಇರುತ್ತವೆ. ನನ್ನದರಲ್ಲಿ ಕೆಂಪು, ಹಳದಿ, ನೀಲಿ ಚುಕ್ಕೆ ಅಕ್ಷತೆ ಎರಚಿದ ಹಾಗೆ. ಮನೆಯ ಪ್ರಿಂಟರಿನ ಕೆಲಸ. ಹಳೆಯ ಬಣ್ಣ ಬರಲಿ ಅಂತ ಕಾಗದವನ್ನು ಟೀ ನೀರಿನಲ್ಲಿ ಅದ್ದಿದ್ದಾರೆ ಅಂದರು, ಮೂಸಿ ನೋಡಿದೆ, ಹೌದು. ಮಾರಿದವನಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಎಂಟು ತಿಂಗಳ ಮೇಲೆ ಇದೇ ಅಂಗಡಿಯಲ್ಲಿ ಅಸಲಿ ಸಿಕ್ಕಿತು, ಮೂಲೆ ಹರಿದದ್ದು, 600ಕ್ಕೆ.

ಕಾಲ ಕಂಡುಹಿಡಿಯುವುದನ್ನೂ ಅವರೇ ಹೇಳಿಕೊಟ್ಟರು, ನನ್ನ ಕಸುಬಿನಿಂದ ಸ್ವಲ್ಪ ನಾನೂ ಸೇರಿಸಿದೆ. ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಒಕ್ಕಣೆ, ಇನ್ನೊಂದು ಕಡೆ ವಿಳಾಸ ಅನ್ನುವ ಪದ್ಧತಿ ಇಂಗ್ಲೆಂಡಿನಲ್ಲಿ ಬಂದದ್ದು 1902ರಲ್ಲಿ. ಅದಕ್ಕೆ ಮೊದಲಿನ ಕಾರ್ಡಿನಲ್ಲಿ ಹಿಂದೆ ವಿಳಾಸ ಮಾತ್ರ. ಹೇಳಬೇಕಾದ್ದನ್ನು ಚಿತ್ರದ ಅಂಚಿನಲ್ಲಿ, ಆಕಾಶದಲ್ಲಿ, ದೇವಸ್ಥಾನದ ಗೋಪುರದ ಪಕ್ಕದಲ್ಲಿ ಗೀಚುತ್ತಿದ್ದರು. ಅಂಗಡಿಯವರು ಗೀಚಿದ್ದಕ್ಕೆ ಬೆಲೆ ಇಳಿಸುತ್ತಾರೆ. ನನಗೆ ಗೀಚಿದ್ದೇ ಬೇಕು, ಲಾಭ ನನಗೇ. ಊರು ಗೊತ್ತಿರುವವರಿಗೆ ಬೇರೆ ಗುರುತುಗಳೂ ಸಿಗುತ್ತವೆ. ಕೋಟೆ ಒಡೆದ ಜಾಗದ ಎರಡು ಕಾರ್ಡು ನನ್ನ ಹತ್ತಿರ ಇವೆ. ಒಂದರಲ್ಲಿ ಕಲ್ಲಿನ ಸ್ಮಾರಕ ಸ್ತಂಭ ಇದೆ, ಇನ್ನೊಂದರಲ್ಲಿ ಇಲ್ಲ. ಆ ಸ್ತಂಭ ನೆಟ್ಟದ್ದು 1907ರಲ್ಲಿ, ಮೈಸೂರು ಸರ್ಕಾರ. ಇಲ್ಲದ್ದೇ ಹಳೆಯದು. ಎರಡಕ್ಕೂ ಒಂದೇ ಬೆಲೆ ಹಾಕಿದ್ದರು, ನಾನು ಬಾಯಿ ಬಿಡಲಿಲ್ಲ.

ದರಿಯಾ ದೌಲತ್‌ದು ಮೂರು, ಗುಂಬಜ್‌ದು ಎರಡು. ಇವು ಎಲ್ಲ ಕಡೆ ಸಿಗುತ್ತವೆ, ಹೆಚ್ಚು ಹೇಳೋದಿಲ್ಲ. ಗುಂಬಜ್ ಕಾರ್ಡಿಗೆ ಅಚ್ಚಿನಲ್ಲೇ ಟಿಪ್ಪುವಿನ ಸಮಾಧಿ ಅಂತಿದೆ. ಟಿಪ್ಪು ಕಟ್ಟಿಸಿದ್ದು ಅಪ್ಪ ಹೈದರನಿಗೆ, ತಾನು ಆಮೇಲೆ ಪಕ್ಕದಲ್ಲಿ ಮಲಗಿದ. ದರಿಯಾ ದೌಲತ್ತಿಗೆ ಅಂಗಡಿಯವರು ಟಿಪ್ಪು ಅರಮನೆ ಅಂತ ಪೆನ್ಸಿಲಿನಲ್ಲಿ ಬರೆದಿದ್ದರು. ಅದು ಬೇಸಿಗೆಯಲ್ಲಿ ಬಂದು ಕೂರುವ ತೋಟದ ಮನೆ, 1784ರದ್ದು. ಅರಮನೆ ಕೋಟೆಯೊಳಗೆ ಇತ್ತು, ಲಾಲ್ ಮಹಲ್. ಗಂಜಾಂ ಕಡೆಗೆ ಲಾಲ್ ಬಾಗ್ ಅರಮನೆ ಬೇರೆ. ಎರಡಕ್ಕೂ ಕಾರ್ಡಿಲ್ಲ, ಇರಲು ಸಾಧ್ಯವೂ ಇಲ್ಲ. ಜಗತ್ತಿನಲ್ಲಿ ಮೊದಲ ಅಂಚೆ ಕಾರ್ಡು ಬಂದದ್ದು 1869ರಲ್ಲಿ, ಆಸ್ಟ್ರಿಯಾ-ಹಂಗೆರಿಯಲ್ಲಿ. ನಮ್ಮ ದೇಶಕ್ಕೆ ಕಾಲಾಣೆ ಕಾರ್ಡು ಬಂದದ್ದು 1879ರ ಜುಲೈ 1ಕ್ಕೆ. ಅಷ್ಟು ಹೊತ್ತಿಗೆ ಅರಮನೆಗಳನ್ನು ಬಿಚ್ಚಿ ಹೊತ್ತುಕೊಂಡು ಹೋಗಿ ಎಷ್ಟೋ ಕಾಲ ಆಗಿತ್ತು.

ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಅದೇ ಅಂಗಡಿಯಲ್ಲಿ ಇತ್ತು, ಬೇರೆ ಡಬ್ಬಿಯಲ್ಲಿ. ಒಂದು ಮಧ್ಯಾಹ್ನ ಮಳೆ ಹಿಡಿದು ಕೆಳಗಿಳಿಯಲಾಗದೆ ಸುಮ್ಮನೆ ಊಟಿ ಡಬ್ಬಿ ತಿರುವುತ್ತಿದ್ದೆ. ಸೇಂಟ್ ಸ್ಟೀಫನ್ ಚರ್ಚಿನ ಕಾರ್ಡು, ಹಳದಿ ಗೋಡೆ, ಮುಂದೆ ಒಂದು ರಿಕ್ಷಾ. ಹಿಂದೆಂದೋ ಮಕ್ಕಳನ್ನು ಕರೆದುಕೊಂಡು ಊಟಿಗೆ ಹೋಗಿದ್ದಾಗ ಆ ಚರ್ಚಿನ ಒಳಗೆ ನಿಂತು ಮೇಲೆ ನೋಡಿದ್ದೆ. ಅದರ ದೊಡ್ಡ ತೊಲೆಗಳು ಪಟ್ಣದ ಟಿಪ್ಪು ಅರಮನೆಯವು ಅಂತ ಅಲ್ಲಿಯವರೇ ಹೇಳಿದ್ದರು. 1830ರ ಸುಮಾರಿಗೆ ಚರ್ಚು ಕಟ್ಟುವಾಗ ನಮ್ಮ ಹೊಳೆ ದಂಡೆಯ ಅರಮನೆ ಬಿಚ್ಚಿದ ಮರವನ್ನು ಅಷ್ಟು ದೂರ, ಅಂಥ ಘಾಟಿ ಹತ್ತಿಸಿ ಒಯ್ದಿದ್ದಾರೆ. ಅರಮನೆಯ ಚಿತ್ರ ಇಲ್ಲ ಅಂತ ಕೊರಗುತ್ತಿದ್ದವಳ ಕೈಗೆ ಅರಮನೆಯ ಸೂರೇ ಬಂದ ಹಾಗಾಯಿತು. 180 ರೂಪಾಯಿ.

ಆಮೇಲೆ ಸುಮ್ಮನಿರಲಾಗಲಿಲ್ಲ. ಇತರೆ ಅನ್ನುವ ಡಬ್ಬಿಯಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಕಾರ್ಡು ಸಿಕ್ಕಿತು, ಬಿಳಿಯನ ಮೈಮೇಲೆ ಎರಗಿದ ಮರದ ಹುಲಿ. ಹೊಟ್ಟೆಯೊಳಗೆ ವಾದ್ಯ ಇರುವ ಆ ಬೊಂಬೆ ಪಟ್ಣದಿಂದಲೇ ಹೋದದ್ದು. ಮದ್ರಾಸಿನ ಡಬ್ಬಿಯಲ್ಲಿ ವೆಲ್ಲೂರು ಕೋಟೆ: ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದು ಅಲ್ಲಿ, 1806ರ ಜುಲೈನಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಅಲ್ಲಿಂದ ಕಲ್ಕತ್ತೆಗೆ ಸಾಗಿಸಿದರು. ಕಲ್ಕತ್ತೆಯ ಡಬ್ಬಿ ಈ ಅಂಗಡಿಯಲ್ಲಿಲ್ಲ, ಅಲ್ಲಿ ಟಿಪ್ಪುವಿನ ಕಿರಿಯ ಮಗ ಧರ್ಮತಲಾದಲ್ಲಿ 1842ರಲ್ಲಿ ಕಟ್ಟಿಸಿದ ಮಸೀದಿ ಇದೆ, ಅದರ ಕಾರ್ಡು ಬಂದರೆ ತೆಗೆದಿಡಿ ಅಂತ ಹೇಳಿದ್ದೇನೆ. ಪಟ್ಣದ ಡಬ್ಬಿ ಯಾಕೆ ಅರ್ಧವೇ ಅಂತ ನನಗೆ ಆವತ್ತು ತಿಳಿಯಿತು. ಮಿಕ್ಕ ಅರ್ಧ ಉಳಿದವರ ಡಬ್ಬಿಯಲ್ಲಿದೆ. ಜನರದ್ದೂ ಹಾಗೇ ಬಿಡಿ. ಗಂಜಾಂ ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಸಂಸಾರ ಎಬ್ಬಿಸಿ ತಂದರು ಅಂತ ಗೆಜೆಟಿಯರಿನಲ್ಲಿದೆ, ನಮ್ಮ ಮನೆಯಲ್ಲೂ ನಾವು ಶಿರಾ ಕಡೆಯವರು ಅಂತಲೇ ಮಾತು. ಶಿರಾದ ಡಬ್ಬಿ ಅಂತ ಒಂದು ಇದ್ದಿದ್ದರೆ ಅದರಲ್ಲಿ ನಮ್ಮನ್ನು ಹುಡುಕಬೇಕಾಗಿತ್ತು.

ಈಗ ಇಪ್ಪತ್ತು ರೂಪಾಯಿಯ ರಾಶಿಗೆ ಬರುತ್ತೇನೆ. ಬಾಗಿಲ ಹಿಂದೆ, ನೆಲದ ಮೇಲೆ, ಸೀರೆ ಡಬ್ಬದಲ್ಲಿ. ಚಿತ್ರವಿಲ್ಲದ ಮಾಮೂಲು ಅಂಚೆ ಕಾರ್ಡುಗಳು, ರಾಜನ ತಲೆಯವು, ಆಮೇಲೆ ಸ್ವಾತಂತ್ರ್ಯದ ನಂತರದವು. ಬೆಂಗಳೂರಿನ ಸಂಗ್ರಾಹಕರು ಇದನ್ನು ಕಾಲಿನಲ್ಲಿ ಪಕ್ಕಕ್ಕೆ ಸರಿಸಿ ಒಳಗೆ ಬರುತ್ತಾರೆ. ನನಗೆ ಇಡೀ ಅಂಗಡಿಯಲ್ಲಿ ಬೆಲೆಗೆ ತಕ್ಕ ಮಾಲು ಅಂದರೆ ಇದೇ. ಚಿತ್ರದ ಕಾರ್ಡು ಹೊರಗಿನವರು ತೆಗೆದು, ಹೊರಗಿನವರು ಕೊಂಡು, ಹೊರಗಿನವರಿಗೆ ಕಳಿಸಿದ್ದು. ಪಟ್ಣದವರು ಪಟ್ಣದ ಚಿತ್ರ ಯಾಕೆ ಕೊಳ್ಳುತ್ತಾರೆ? ಅವರು ಮಾಮೂಲು ಕಾರ್ಡು ಕೊಂಡು, ಒಂದು ಇಂಚೂ ಬಿಡದೆ, ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ತಿರುಗಿಸಿ ಬರೆದರು. ಮೈಸೂರು ಸೀಮೆಗೆ ಅಂಚೆ ಅನ್ನುವ ವ್ಯವಸ್ಥೆ ಬಂದದ್ದೇ 1672ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಆಗ ರಾಜಧಾನಿ ಪಟ್ಣ. ಬರೆಯುವ ರೂಢಿ ನಮಗೆ ಹೊಸದಲ್ಲ.

ಐದನೆಯ ಜಾರ್ಜನ ತಲೆಯ ಒಂದು ಕಾರ್ಡು, ಪಟ್ಣದ ಮುದ್ರೆ, ನಂಜನಗೂಡಿಗೆ ಹೋದದ್ದು. ಅಕ್ಕನಿಗೆ ತಮ್ಮ ಬರೆದಿದ್ದಾನೆ. ಮೇಲೆ ಕ್ಷೇಮ, ಸಾಂಪ್ರತ, ಎಲ್ಲ ಕ್ರಮವಾಗಿ. ಆಮೇಲೆ ವಿಷಯಕ್ಕೆ ಬರುತ್ತಾನೆ: ಇರ್ವಿನ್ ನಾಲೆಯಲ್ಲಿ ನೀರು ಬಿಡುತ್ತಾರಂತೆ, ಭಾವನ ಕಡೆಯವರು ಹೊಲ ಮಾರಬೇಡಿ ಅಂತ ಹೇಳು, ಒಣ ಭೂಮಿಯ ರೇಟು ಏರುತ್ತದೆ. ಈಗಿನ ವಿಶ್ವೇಶ್ವರಯ್ಯ ನಾಲೆ ಅದು. ಕೊನೆಗೆ ಅಂಜೂರ ಕಳಿಸಿದ್ದು ತಲುಪಿತಾ, ಹಣ್ಣು ಮೆತ್ತಗಾಗಿತ್ತಾ ಅಂತ ಪ್ರಶ್ನೆ. ಗಂಜಾಂ ಅಂಜೂರ ಆಗಲೂ ದಾರಿಯಲ್ಲೇ ಮೆತ್ತಗಾಗುತ್ತಿತ್ತು ಅನ್ನಿ. ಮಂಡ್ಯದ ಗದ್ದೆ ಬಯಲು ಹುಟ್ಟುವುದಕ್ಕೆ ಮುಂಚಿನ ವಾರಗಳು ಇಪ್ಪತ್ತು ರೂಪಾಯಿಗೆ ಸಿಕ್ಕವು.

ಆ ರಾಶಿಯಲ್ಲಿ ಸುಮಾರು ಇನ್ನೂರು ಕಾರ್ಡು ಓದಿರಬಹುದು. ಅರಿಶಿನ ಹಚ್ಚಿದ ಮೂಲೆಯವು, ಅಂದರೆ ಲಗ್ನ, ನಾಮಕರಣ, ಗೃಹಪ್ರವೇಶ, ಬೇಕಾದಷ್ಟು. ಸಾಲದ ಕಾರ್ಡು, ಬತ್ತದ ಕಾರ್ಡು, ರೈಲಿಗೆ ಬರುತ್ತೇನೆ ಸ್ಟೇಷನ್ನಿಗೆ ಆಳು ಕಳಿಸಿ ಅನ್ನುವ ಕಾರ್ಡು. ಸಾವಿನ ಕಾರ್ಡು ಒಂದೂ ಇಲ್ಲ. ಮೊದಲು ನನಗೆ ಹೊಳೆಯಲಿಲ್ಲ. ಒಂದು ದಿನ ಬಸ್ಸಿನಲ್ಲಿ ಬರುವಾಗ ಥಟ್ಟನೆ ನೆನಪಾಯಿತು: ಅಂಥ ಕಾರ್ಡನ್ನು ನಮ್ಮಲ್ಲಿ ಹೊಸಿಲಾಚೆಯೇ ಓದಿ ಹರಿದು ಹಾಕುತ್ತಿದ್ದರಲ್ಲ, ಮನೆಯೊಳಗೆ ತರುತ್ತಿರಲಿಲ್ಲ. ಪೋಸ್ಟ್‌ಮನ್ ನಿಂತಿರುವ ಹಾಗೇ ಹರಿಯುತ್ತಿದ್ದರು, ನಾನೇ ನೋಡಿದ್ದೇನೆ. 1924ರ ದೊಡ್ಡ ನೀರಿನಲ್ಲಿ ಯಾರ ಮನೆ ಹೋಯಿತು, ಯಾರು ಹೋದರು ಅಂತ ಬರೆದ ಕಾರ್ಡು ಸಿಗಬಹುದು ಅಂತ ನಾನು ಹುಡುಕುತ್ತಾ ಇದ್ದೆ. ಅಂಥದ್ದು ಯಾವ ಅಂಗಡಿಗೂ ಬರುವುದಿಲ್ಲ. ಹುಡುಕುವುದು ಬಿಟ್ಟೆ.

ತಕರಾರು ಇನ್ನೆರಡು ಇವೆ. ಕಾರ್ಡು ಹಾಕಿಡುವ ಪ್ಲಾಸ್ಟಿಕ್ ಚೀಲ ಅಗ್ಗದ್ದು, ಸೆಖೆಗೆ ಬೆವತು ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ರಂಗನಾಥಸ್ವಾಮಿ ದೇವಸ್ಥಾನದ ನುಣುಪು ಫೋಟೊ ಕಾರ್ಡೊಂದರ ಗೋಪುರದ ತುದಿ ಹಾಗೇ ಕಿತ್ತು ಬಂತು. ಮನೆಗೆ ತಂದ ತಕ್ಷಣ ಕಾಗದದ ಲಕೋಟೆಗೆ ಬದಲಾಯಿಸಿ. ಇನ್ನೊಂದು, ಬೆಲೆಯನ್ನು ಬಾಲ್‌ಪೆನ್ನಿನಲ್ಲಿ ಕಾರ್ಡಿನ ಹಿಂದೆಯೇ ಬರೆಯುವುದು. ಪೆನ್ಸಿಲು ಬಳಸಿ ಸ್ವಾಮಿ ಅಂತ ಜಗಳ ಆಡಿದ ಮೇಲೆ ಹೊಸದಾಗಿ ಬಂದವಕ್ಕೆ ಪೆನ್ಸಿಲು ಬಂದಿದೆ. ಒಳ್ಳೆಯದನ್ನೂ ಹೇಳಬೇಕು: ಕೊಳ್ಳದೆ ಬರೀ ಓದಿ ಹೋದರೂ ಮುಖ ಗಂಟಿಕ್ಕುವುದಿಲ್ಲ. ಎಲ್ಲಿಂದ ತಂದಿರಿ ಅಂದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಹೆಚ್ಚಿನವು ಇಂಗ್ಲೆಂಡಿನ ಸಂತೆಗಳಿಂದ ಹರಾಜಿನಲ್ಲಿ ವಾಪಸ್ ಬಂದವು, ರಾಶಿಯವು ಮಾತ್ರ ಇಲ್ಲಿಯ ಗುಜರಿಯಿಂದ. ನಕಲಿ ಇದ್ದರೆ ನಕಲಿ ಅಂತಲೇ ಚೀಟಿ ಅಂಟಿಸಿರುತ್ತಾರೆ.

ಊಟಿ ಚರ್ಚಿನ ಕಾರ್ಡು ಕೊಂಡ ದಿನ, ಮಳೆ ನಿಲ್ಲುವ ತನಕ, ಆ ತೊಲೆಯ ಕತೆಯನ್ನು ಯಜಮಾನರಿಗೆ ಪೂರ್ತಿ ಹೇಳಿದ್ದೆ. ಕಣ್ಣರಳಿಸಿ ಕೇಳಿದರು, ಇನ್ನರ್ಧ ಲೋಟ ಕಾಫಿ ಕೊಡಿಸಿದರು. ಎರಡು ವಾರ ಬಿಟ್ಟು ಹೋದೆ. ಅದೇ ಚರ್ಚಿನ ಇನ್ನೊಂದು ಕಾರ್ಡು, ಅದೇ ಹಳದಿ ಗೋಡೆ, ಊಟಿ ಡಬ್ಬಿಯಿಂದ ಎದ್ದು ಬಂದು ನಮ್ಮ ಪಟ್ಣದ ಡಬ್ಬಿಯಲ್ಲಿ ಮೊದಲನೆಯದಾಗಿ ನಿಂತಿತ್ತು. ಹಿಂದೆ ತಿರುಗಿಸಿದೆ. ಪೆನ್ಸಿಲಿನಲ್ಲಿ, ದುಂಡಗೆ, 450.